ನಲವತ್ತೆಂಟು ಸಾವಿರ ಪಾಯಿಂಟಿನ ಕಿವಿ

ಗುದ್ದಣ್ಣನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಸುಳ್ಳಾಗುತ್ತದೆ. ಅದು ನೇರ ಅವನ ಮುಷ್ಟಿಯಲ್ಲೇ ಇತ್ತು. ಮೂಗಿನವರೆಗೆ ಹೋಗಿ ಬರುವಷ್ಟು ಪುರುಸೊತ್ತು ಅದಕ್ಕಿರಲಿಲ್ಲ. ಕೆಟ್ಟ ಗಾಡಿ ಎಳೆದು ತರುವ ಡ್ರೈವರೊಬ್ಬನ ಎರಡು ಹಲ್ಲು ಅವನ ಲೆಕ್ಕದಲ್ಲಿವೆ. ವಿಮೆಯವನು ಒಬ್ಬ ಬಂದು "ಇದು ಹಳೇ ಡೆಂಟು" ಅಂದಾಗ, ಅವನ ಕಾರಿನ ಬಾನೆಟ್ ಮೇಲೆ ಸುತ್ತಿಗೆಯಲ್ಲಿ ಒಂದು ಹಾಕಿ, "ಇದು ಹೊಸ ಡೆಂಟು, ಈಗ ವ್ಯತ್ಯಾಸ ನೋಡ್ಕೊಳಿ" ಅಂದವನು ಅವನು.

ನಾನು ಅದೇ ಶೆಡ್ಡಿನ ಪೇಂಟರ್. ಡಿಕ್ಕಿಯಾಗಿ ಬಂದ ಕಾರುಗಳ ತಗಡನ್ನು ಅವನು ಬಡಿದು ನೇರ ಮಾಡುತ್ತಾನೆ. ನಾನು ಅದಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಏನೂ ಆಗೇ ಇಲ್ಲ ಅನ್ನುವ ಹಾಗೆ ಮಾಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಅವನು ಬಡಿದದ್ದನ್ನು ನಾನು ಮುಚ್ಚುತ್ತಾ ಬಂದಿದ್ದೇನೆ. ಕಾರಿನದಷ್ಟೇ ಅಲ್ಲ.

ಅವನ ಮಗಳಿಗೆ ಆಗ ಏಳು ವರ್ಷ. ಶಾಲೆ ಬಿಟ್ಟವಳು ಶೆಡ್ಡಿಗೆ ಬಂದು ಟೈರ್ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಒಂದು ಸಂಜೆ ಡೆಲಿವರಿಗೆ ನಿಂತಿದ್ದ ಬಿಳಿ ಕಾರಿನ ಬಾಗಿಲ ಮೇಲೆ, ಅದೇ ಬೆಳಿಗ್ಗೆ ನಾನು ಕೊನೆಯ ಕೋಟ್ ಹೊಡೆದಿದ್ದ ಬಾಗಿಲ ಮೇಲೆ, ಮೊಳೆ ಹಿಡಿದು ಹೂವು ಗೀಚುತ್ತಾ ನಿಂತಿದ್ದಳು. ಗೇಟಿನಲ್ಲಿ ಕಾರಿನ ಯಜಮಾನ ಬಂದು ನಿಂತಿದ್ದ. ಗುದ್ದಣ್ಣ ತಿರುಗಿ ನೋಡಿದ. ನಾನು "ಏಯ್, ಬೇಡ" ಅನ್ನುವುದರೊಳಗೆ ತಗಡು ಬಡಿಯುವ ಆ ಕೈ ಮಗುವಿನ ಎಡಗೆನ್ನೆಗೆ ಬಿತ್ತು. ಹುಡುಗಿ ಟೈರುಗಳ ನಡುವೆ ಹೋಗಿ ಬಿದ್ದಳು. ಕಿವಿಯಿಂದ ಸಣ್ಣಗೆ ರಕ್ತ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಬಿದ್ದಳು ಅಂದೆವು. ಮನೆಯಲ್ಲಿ, ಬೀದಿಯಲ್ಲಿ ಕೇಳಿದವರಿಗೆಲ್ಲ ಜ್ವರ ಬಂದು ಕಿವಿ ಮಂದವಾಯಿತು ಅಂದೆವು. ಮಗುವಿಗೂ ಹಾಗೇ ಹೇಳುತ್ತಾ ಹೋದೆವು. ಅವಳೂ ಹೂಂ ಅನ್ನುತ್ತಾ ಬಂದಳು. ಆ ಹೂವಿಗೆ ಅದೇ ರಾತ್ರಿ ಪುಟ್ಟಿ ತುಂಬಿ ಮೂರು ಕೋಟ್ ಹೊಡೆದವನು ನಾನು. ಅಷ್ಟು ನೀಟಾದ ಕೆಲಸ ನಾನು ಮತ್ತೆಂದೂ ಮಾಡಿಲ್ಲ.

ಆಮೇಲೆ ಗುದ್ದಣ್ಣ ಮನೆಯೊಳಗೆ ಕೈ ಎತ್ತಲಿಲ್ಲ. ಅಲ್ಲಿ ಉಳಿದದ್ದನ್ನೆಲ್ಲ ಹೊರಗಿನವರಿಗೆ ಹಂಚಿದ.

ಅವನಿಗೆ ಕ್ರೆಡಿಟ್ ಕಾರ್ಡ್ ಅಂಟಿಸಿದವನು ಒಬ್ಬ ಗಿರಾಕಿ, ಬ್ಯಾಂಕಿನ ಏಜೆಂಟು. ನೂರು ರೂಪಾಯಿ ಖರ್ಚಿಗೆ ಒಂದು ಪಾಯಿಂಟು, ಪಾಯಿಂಟಿಗೆ ಸಾಮಾನು ಎಂದು ಬಣ್ಣಬಣ್ಣದ ಪುಸ್ತಕ ಕೊಟ್ಟುಹೋದ. ಅದರಲ್ಲಿ ಮಿಕ್ಸಿ, ಸೂಟ್‌ಕೇಸು, ವಿಮಾನದ ಟಿಕೆಟ್ಟಿನ ನಡುವೆ ಕಿವಿಯ ಯಂತ್ರವೊಂದಿತ್ತು. ಒಳ್ಳೇ ಕಂಪನಿಯದು, ಬೆರಳಿನ ಉಗುರಿನಷ್ಟು. ನಲವತ್ತೆಂಟು ಸಾವಿರ ಪಾಯಿಂಟು. ಗುದ್ದಣ್ಣ ಆ ಹಾಳೆ ಹರಿದು ತನ್ನ ಸುತ್ತಿಗೆಗಳ ಹಲಗೆಯ ಮೇಲೆ ಅಂಟಿಸಿದ.

"ದುಡ್ಡು ಕೂಡಿಟ್ಟು ತಗೊಳ್ಳಪ್ಪ, ಇಷ್ಟು ಸುತ್ತುಬಳಸು ಯಾಕೆ?" ಅಂದೆ.

"ಕೂಡಿಟ್ಟಿದ್ದೆ. ಎರಡು ಸಲ. ಒಂದ್ಸಲ ಅಮ್ಮನ ಆಪರೇಷನ್ನಿಗೆ ಹೋಯ್ತು, ಒಂದ್ಸಲ ಭಾವಮೈದ ಬಂದು ಅತ್ತ. ಪಾಯಿಂಟ್ ಹಾಗಲ್ಲ ಕಣೋ. ಯಾರು ಅತ್ರೂ ಕೊಡಕ್ಕಾಗಲ್ಲ. ಯಾರ ಕೈಗೂ ಸಿಗಲ್ಲ."

ಅಂದಿನಿಂದ ಆರು ವರ್ಷ ಶೆಡ್ಡಿನಲ್ಲಿ ಒಂದು ಬೋಲ್ಟು ಬೇಕಾದರೂ ಅವನ ಕಾರ್ಡಿನಲ್ಲೇ ಬರಬೇಕಿತ್ತು. ಗಿರಾಕಿ ನಗದು ಕೊಟ್ಟರೆ ಅದನ್ನು ಅಂದೇ ಬ್ಯಾಂಕಿಗೆ ಕಟ್ಟುತ್ತಿದ್ದ. ನನ್ನ ಫ್ರಿಜ್ಜು, ಪಕ್ಕದ ಬಡಗಿಯ ಗರಗಸದ ಯಂತ್ರ, ಬೀದಿಯ ಅರ್ಧ ಜನರ ಮಂಚ, ಫ್ಯಾನು, ಎಲ್ಲಾ ಅವನ ಕಾರ್ಡಿನಲ್ಲೇ, ದುಡ್ಡು ನಾವು ಅವನ ಕೈಗೆ ಕೊಡುತ್ತಿದ್ದೆವು. ಗಿರಾಕಿಯೊಬ್ಬ ಬಿಡಿಭಾಗದ ಅಂಗಡಿಯಲ್ಲಿ ತನ್ನದೇ ಕಾರ್ಡು ತೆಗೆದದ್ದಕ್ಕೆ ಗುದ್ದಣ್ಣ ಅವನ ಮಣಿಕಟ್ಟು ಹಿಡಿದು ತಿರುವಿದಾಗ ನಾನೇ ಬಿಡಿಸಿದ್ದೇನೆ. ಎಂಬತ್ತು ಪಾಯಿಂಟಿಗೆ ಒಬ್ಬನ ಕೈ ಉಳುಕಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ನಕ್ಕೆ.

ಶೆಡ್ಡಿನಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಅವನ ಫೋನು ಎತ್ತುವವನು ನಾನು. ಬಡಿಯುವಾಗ ಅವನಿಗೆ ಗಂಟೆ ಕೇಳುವುದಿಲ್ಲ, ಕೇಳಿದರೂ ಕೈ ಬಿಡುವಿರುವುದಿಲ್ಲ. "ಗಿರಾಕಿ ಆದ್ರೆ ಮಾತಾಡು. ಬ್ಯಾಂಕಿನವರಾದ್ರೆ ಸಾಲ ಬೇಕಾ ಅಂತ ತಲೆ ತಿಂತಾರೆ, ಬೈದು ಇಡು" ಎಂದು ಅವನದೇ ಅಪ್ಪಣೆ. ಬೈಯುವುದು ನನಗೂ ಇಷ್ಟವೇ. ದಿನಕ್ಕೆ ಮೂರು ನಾಲ್ಕು ಕರೆ, ಪ್ರತಿಯೊಂದಕ್ಕೂ ಹೊಸ ಬೈಗುಳ. ಆರನೇ ವರ್ಷದ ಕೊನೆಯಲ್ಲಿ ಒಂದು ತಿಂಗಳ ಇಪ್ಪತ್ತೊಂದರಂದೂ ಒಂದು ಕರೆ ಬಂತು. ಬೈದೆ, ಇಟ್ಟೆ, ಮರೆತೆ.

ಅಷ್ಟರಲ್ಲಿ ಮಗಳು ಓದು ಮುಗಿಸಿ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರಾಗಿದ್ದಳು, ಇನ್ನೂ ಕಾಯಂ ಆಗಿರಲಿಲ್ಲ. ಎಡಗಡೆಯ ಬೆಂಚಿನ ಮಗುವೊಂದು ಬಿದ್ದು ಕಿರುಚಿದ್ದು ಇವಳಿಗೆ ತಿಳಿಯಲೇ ಇಲ್ಲವಂತೆ. ದೊಡ್ಡ ಮೇಡಂ ಕರೆದು, "ಮುಂದಿನ ತಿಂಗಳು ಮುಗಿಯೋದ್ರೊಳಗೆ ಕಿವಿಗೆ ಯಂತ್ರ ಹಾಕಿಸ್ಕೊ, ಇಲ್ಲದಿದ್ರೆ ಕ್ಲಾಸ್ ಕೊಡಕ್ಕಾಗಲ್ಲ" ಅಂದರು. ಗುದ್ದಣ್ಣ ಕೇಳಿ ನಕ್ಕ. ಪಾಯಿಂಟು ನಲವತ್ತೇಳು ಸಾವಿರ ದಾಟಿದ್ದವು. ಒಂದು ವ್ಯಾನಿಗೆ ಹೊಸ ಎಂಜಿನ್ ತರಿಸುವುದಿತ್ತು, ಬರೋ ವಾರ ತರಿಸೋಣ ಎಂದು ಮುಂದೆ ಹಾಕಿದ್ದೆವು, ಅಷ್ಟೇ.

ಎಂಜಿನ್ ಮುಂದಿನ ತಿಂಗಳು ಮೂರನೇ ತಾರೀಕು ಬಂತು. ಪಾಯಿಂಟು ನಲವತ್ತೆಂಟು ಸಾವಿರದ ಐವತ್ತಾಯಿತು. ಮಗಳು ಮಧ್ಯಾಹ್ನ ಶೆಡ್ಡಿಗೆ ಬಂದು, ಅಪ್ಪನನ್ನು ಬಲಗಡೆ ನಿಲ್ಲಿಸಿಕೊಂಡು, ಫೋನಿನಲ್ಲಿ ಯಂತ್ರದ ಚಿತ್ರ ಒತ್ತಿದಳು. ಮತ್ತೆ ಒತ್ತಿದಳು.

"ಅಪ್ಪಾ, ಒಂದು ಲಕ್ಷ ನಲವತ್ತನಾಲ್ಕು ಸಾವಿರ ಪಾಯಿಂಟ್ ಕೇಳ್ತಿದೆ."

"ಸರಿಯಾಗಿ ನೋಡಮ್ಮ."

"ಒಂದನೇ ತಾರೀಕಿಂದ ಬದಲಾಗಿದೆಯಂತೆ. ಎಲ್ಲಾದಕ್ಕೂ ಮೂರು ಪಟ್ಟು."

ಗುದ್ದಣ್ಣನ ಎದುರಿಗೆ ಅವನೇ ಬೆಳಿಗ್ಗೆಯಿಂದ ನೇರ ಮಾಡಿದ್ದ ಬಾಗಿಲಿತ್ತು. ದೊಡ್ಡ ಸುತ್ತಿಗೆ ಎತ್ತಿ ಅದಕ್ಕೆ ಹೊಡೆದ. ಹನ್ನೆರಡೋ ಹದಿಮೂರೋ ಏಟು. ಗಾಜು ಒಡೆದು ನನ್ನ ಮುಖದವರೆಗೆ ಸಿಡಿಯಿತು. ಬಾಗಿಲು ಮುದುಡಿ ಬಿದ್ದ ಮೇಲೆ ಸುತ್ತಿಗೆ ಎಸೆದು ರಸ್ತೆಗೆ ನಡೆದ. ಸುತ್ತಿಗೆ ಬಿಟ್ಟು ಹೋದದ್ದೇ ಪುಣ್ಯ. ನಾನು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹಿಂದೆಯೇ ಓಡಿಸಿದೆ.

ಬ್ಯಾಂಕಿನಲ್ಲಿ ಆಗಲೇ ಜನ ಸೇರಿದ್ದರು. ಟೈ ಕಟ್ಟಿದವನೊಬ್ಬ ಕತ್ತರಿ ಕೊಡಿ, ಇಲ್ಲೇ ನಿಮ್ಮೆದುರೇ ಕಾರ್ಡ್ ಕತ್ತರಿಸುತ್ತೇನೆ ಎಂದು ಮೇಜು ಕುಟ್ಟುತ್ತಿದ್ದ. ನಿವೃತ್ತ ನರ್ಸಮ್ಮ ಒಬ್ಬರು, ತಂಗಿಯನ್ನು ನೋಡಲು ವಿಮಾನದ ಟಿಕೆಟ್ಟಿಗೆ ಎಂಟು ವರ್ಷ ಕೂಡಿಸಿದ್ದವರು, "ನನ್ನ ತಂಗಿ ಕಾಯ್ತಾಳೆ, ಅವಳ ಕ್ಯಾನ್ಸರ್ ಕಾಯಲ್ಲ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕಡತ ಹಿಡಿದ ಒಬ್ಬ ಮಾತ್ರ ಹಲ್ಲು ಕಿಸಿದು ನಿಂತಿದ್ದ. "ನಾನು ಹೋದ ತಿಂಗಳೇ ಎಲ್ಲಾ ಖಾಲಿ ಮಾಡ್ಬಿಟ್ಟೆ. ಎರಡು ಸೂಟ್‌ಕೇಸ್ ಬಂತು. ನಾವೂ ಸ್ವಲ್ಪ ಕಣ್ಣು ತೆರೆದಿರ್ಬೇಕಲ್ವಾ?"

ಗುದ್ದಣ್ಣ ಅವನ ಕಾಲರ್ ಹಿಡಿದು ಎತ್ತಿದ. ಕಡತ ಚೆಲ್ಲಾಪಿಲ್ಲಿಯಾಯಿತು. ಕಾವಲಿನವನು ಬಂದು ಬೆನ್ನಿಗೆ ಲಾಠಿ ಬಿಟ್ಟ. ಗುದ್ದಣ್ಣ ತಿರುಗಿ ಆ ಲಾಠಿ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಆಮೇಲೆ ಕೌಂಟರಿನ ಗಾಜಿಗೆ ಗುದ್ದಿದ. ಗಾಜು ಬಿರಿಯಿತು, ಅವನ ಕೈಯೂ ಬಿರಿಯಿತು. ರಕ್ತ ಮೊಣಕೈವರೆಗೆ ಇಳಿಯಿತು. ನರ್ಸಮ್ಮ ಅಳುವುದನ್ನು ಬಿಟ್ಟು ಕರವಸ್ತ್ರ ಹಿಡಿದು ಬಂದರು, ಅವರನ್ನೂ ತಳ್ಳಿದ.

"ಆರು ವರ್ಷ! ನನ್ನ ಮಗಳ ಕಿವಿ ಅದು! ಯಾರನ್ನ ಕೇಳಿ ಕಿತ್ಕೊಂಡ್ರಿ? ಒಂದು ಮಾತು ಹೇಳಿದ್ರಾ?"

ಗಾಜಿನ ಆಚೆ ಕೂತಿದ್ದ ಅಧಿಕಾರಿ ಹುಡುಗಿಗೆ ಗುದ್ದಣ್ಣನ ಮಗಳದೇ ವಯಸ್ಸು. ಎದ್ದು ಓಡಲಿಲ್ಲ. ಕಾರ್ಡಿನ ನಂಬರ್ ಕೇಳಿ ಪಡೆದು ಕಂಪ್ಯೂಟರಿನಲ್ಲಿ ಒತ್ತಿದಳು.

"ಎರಡು ಸಲ ಮೆಸೇಜ್ ಹೋಗಿದೆ ಸರ್. ಇಪ್ಪತ್ತೊಂದನೇ ತಾರೀಕು ಫೋನೂ ಮಾಡಿದ್ದಾರೆ. ನೀವೇ ಮಾತಾಡಿದೀರ. ರೆಕಾರ್ಡ್ ಆಗಿದೆ, ಕೇಳಿ ಬೇಕಾದ್ರೆ."

ಇಪ್ಪತ್ತೊಂದು ಅಂದದ್ದೇ ತಡ, ನಾನು ಬಾಗಿಲ ಕಡೆ ನೋಡಿದೆ.

ಮೊದಲು ಸುತ್ತಿಗೆಯ ಸದ್ದು ಬಂತು. ಅವನದೇ ಸುತ್ತಿಗೆ, ಅವನದೇ ಲಯ. ಅದರ ನಡುವೆ ಒಂದು ಹೆಣ್ಣುದನಿ, "ಸರ್, ನಿಮ್ಮ ಪಾಯಿಂಟ್ಸ್ ವಿಷಯ, ಒಂದನೇ ತಾರೀಕಿಂದ..." ಎನ್ನುತ್ತಿತ್ತು. "ಏನೂ ಬೇಡ ತಾಯಿ, ಮೊದ್ಲು ಫೋನ್ ಇಡು" ಎಂದದ್ದು ನನ್ನ ದನಿ. "ಸಾಲ ಅಲ್ಲ ಸರ್, ನಿಮಗೆ ನಷ್ಟ ಆಗುತ್ತೆ, ಒಂದೇ ನಿಮಿಷ..." "ನಷ್ಟ ನಿಮ್ಮಪ್ಪನಿಗಾಗ್ಲಿ!" ಎಂದು ನಾನು ಕಿರುಚಿದ್ದೆ. ಕಿರುಚಿ ನಕ್ಕಿದ್ದೆ ಕೂಡ, ಆ ನಗುವೂ ಪೂರ್ತಿ ಕೇಳಿಸಿತು.

ಹತ್ತು ದಿನ ಸಮಯವಿತ್ತು. ಎಂಜಿನ್ ಮಾರನೇ ದಿನವೇ ತರಿಸಬಹುದಿತ್ತು. ಗುದ್ದಣ್ಣ ನನ್ನ ಕಡೆ ತಿರುಗಿದಾಗ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಧೈರ್ಯವಲ್ಲ, ಹೊಡೆಯಲಿ ಅನ್ನಿಸಿತ್ತು. ಹೊಡೆಸಿಕೊಂಡರೆ ಮುಗಿದುಹೋಗುತ್ತದೆ ಅನ್ನುವ ಆಸೆ.

ರಕ್ತದ ಕೈ ಮೇಲೆದ್ದಿತು. ನನ್ನ ಪಕ್ಕದಲ್ಲಿ ಮಗಳು ನಿಂತಿದ್ದಳು. ಏಟು ತನಗಲ್ಲ ಎಂದು ಅವಳಿಗೆ ಗೊತ್ತು. ಆದರೂ ಅವಳ ಕುತ್ತಿಗೆ ಹೆಗಲೊಳಗೆ ಇಳಿಯಿತು, ಎಡಗೈ ತಾನಾಗಿಯೇ ಹೋಗಿ ಎಡಗಿವಿಯನ್ನು ಮುಚ್ಚಿಕೊಂಡಿತು. ಇಪ್ಪತ್ತೊಂದು ವರ್ಷದ ಟೀಚರಮ್ಮ ಏಳು ವರ್ಷದವಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು.

ಗುದ್ದಣ್ಣ ಅದನ್ನು ನೋಡಿದ. ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಅದು ಅವನ ಕಿವಿಗೇ ಬಿತ್ತು. ತನ್ನ ಎಡಗಿವಿಗೆ ತಾನೇ, ತಗಡಿಗೆ ಹೊಡೆಯುವ ಬಲದಲ್ಲಿ, ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಾನು, ಕಾವಲಿನವನು, ಟೈ ಕಟ್ಟಿದವನು ಮೂವರೂ ಸೇರಿ ಆ ಕೈ ಹಿಡಿದು ನೇತಾಡಿದೆವು. ಅವನು ಕುಸಿದು ನೆಲಕ್ಕೆ ಕೂತ. ಕಿವಿ, ಕೆನ್ನೆ, ಅಂಗಿ ಎಲ್ಲಾ ರಕ್ತ.

"ನಿಂಗೆ ನೆನಪಿದೆಯಾ?" ಅಂದ.

ಮಗಳು ಅವನೆದುರು ಕೂತಳು.

"ಯಾವತ್ತು ಮರೆತಿದ್ದೆ ಅಪ್ಪಾ? ನೀವೆಲ್ಲ ಜ್ವರ ಅಂದ್ರಿ, ನಾನೂ ಹೂಂ ಅಂದೆ. ಹೂವಿಗೆ ಐದು ಎಸಳು ಬರೆದಿದ್ದೆ. ಆರನೇದು ಬರೀತಾ ಇದ್ದೆ."

ಎರಡು ಸೂಟ್‌ಕೇಸಿನವನು ಆಚೆ ಬಗ್ಗಿ ತನ್ನ ಕಾಗದ ಹೆಕ್ಕುತ್ತಿದ್ದ.

ಒಡೆದ ಗಾಜಿಗೂ ಲಾಠಿಗೂ ದಂಡ ಕಟ್ಟಿದ್ದರಿಂದ ಅವರು ಪೊಲೀಸರನ್ನು ಕರೆಯಲಿಲ್ಲ. ಕಾರ್ಡನ್ನು ಗುದ್ದಣ್ಣ ತಗಡು ಕತ್ತರಿಸುವ ಕತ್ತರಿಯಲ್ಲಿ ಚೂರು ಮಾಡಿದ. ನಾನು ಬೈಕು ಮಾರಿದೆ, ಅವನು ವೆಲ್ಡಿಂಗ್ ಯಂತ್ರ ಮಾರಿದ. ಪುಸ್ತಕದಲ್ಲಿದ್ದಷ್ಟು ಚಂದದ್ದಲ್ಲದಿದ್ದರೂ ಒಂದು ಯಂತ್ರ ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಮಗಳ ಕಿವಿಗೆ ಬಂತು. ಕ್ಲಾಸು ಅವಳಿಗೇ ಉಳಿಯಿತು. ನನಗೆ ಬರಬೇಕಾಗಿದ್ದ ಏಟು ಮಾತ್ರ ಇವತ್ತಿಗೂ ಬಂದಿಲ್ಲ. ಒಂದು ಸಲ ಬಾಯಿ ಬಿಟ್ಟು ಕೇಳಿಯೂ ಕೇಳಿದೆ. "ಸುಮ್ನೆ ಕೆಲಸ ನೋಡು" ಅಂದ.

ಮಗಳು ಶನಿವಾರ ಶೆಡ್ಡಿಗೆ ಬರುತ್ತಾಳೆ. ಗಿರಾಕಿಗಳು ಅವಳ ಕಿವಿ ನೋಡಿ, "ಇಷ್ಟು ಚಿಕ್ಕ ವಯಸ್ಸಿಗೆ ಏನಾಯ್ತಮ್ಮ?" ಎಂದು ಕೇಳುತ್ತಾರೆ. ಆಗ ಗುದ್ದಣ್ಣ ಸುತ್ತಿಗೆ ಕೆಳಗಿಟ್ಟು, ಎದ್ದು ನಿಂತು, "ನಾನು ಹೊಡೆದೆ" ಎನ್ನುತ್ತಾನೆ. ಗಿರಾಕಿ ನನ್ನ ಮುಖ ನೋಡುತ್ತಾನೆ, ಇದೇನು ತಮಾಷೆಯಾ ಎನ್ನುವ ಹಾಗೆ. ನಾನು ಬಣ್ಣದ ಗನ್ ಆರಿಸಿ, "ಹೌದು. ಮುಚ್ಚಿಟ್ಟೋನು ನಾನು" ಎನ್ನುತ್ತೇನೆ.