ಅತ್ತೆಯ ಹೆಸರಿನ ಮಗಳು

ನನ್ನ ಹೆಸರು ಹುಲಿಗೆಮ್ಮ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ನಿಂತು ಈ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಗಂಗಾವತಿ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಬರುತ್ತದೆ, ಹೂವಿನ ಬುಟ್ಟಿಯ ಹಿಂದಿನಿಂದ ಇನ್ನೊಂದು ಏಳುತ್ತದೆ. ನಾನು ಮಾತ್ರ ತಕ್ಷಣ ತಿರುಗುವುದಿಲ್ಲ. ಕರೆದ ದನಿ ಯಾರದು, ಅದರಲ್ಲಿ ಏನಿದೆ ಎಂದು ಮೊದಲು ಕೇಳಿಸಿಕೊಳ್ಳುತ್ತೇನೆ. ಅದು ಮನೆಯಲ್ಲಿ ಕಲಿತದ್ದು.

ಹೆಸರಿನ ಅರ್ಥದಲ್ಲಿ ಗುಟ್ಟೇನಿಲ್ಲ. ಹುಲಿಗಿ ಹೊಳೆಯ ದಂಡೆಯ ಊರು, ಅಲ್ಲಿಯ ದೇವಿ ಹುಲಿಗೆಮ್ಮ. ಮಕ್ಕಳು ದಕ್ಕದ ಮನೆಯವರು ಆಕೆಗೆ ಹರಕೆ ಹೊರುತ್ತಿದ್ದರು. ಹುಟ್ಟಿ ಉಳಿದದ್ದು ಹೆಣ್ಣಾದರೆ ಹುಲಿಗೆಮ್ಮ, ಗಂಡಾದರೆ ಹುಲಗಪ್ಪ. ಹಾಗಾಗಿ ನಮ್ಮ ಕಡೆ ಓಣಿಗೊಬ್ಬಳಾದರೂ ಇರುತ್ತಿದ್ದಳು. ಗುರುತಿಗೆ ಹಾಲಿನ ಹುಲಿಗೆಮ್ಮ, ಮ್ಯಾಲಿನ ಮನಿ ಹುಲಿಗೆಮ್ಮ ಎಂದು ಏನಾದರೊಂದು ಹಚ್ಚಬೇಕಾಗುತ್ತಿತ್ತು. ನನ್ನ ವಯಸ್ಸಿನವರಲ್ಲಿ ಈ ಹೆಸರು ಕಡಿಮೆ. ನಮಗಿಂತ ಚಿಕ್ಕವರಲ್ಲಿ ಇಲ್ಲವೆಂದೇ ಹೇಳಬಹುದು. ಈಗ ಕೂಲಿಗೆ ಹೋಗುವವಳ ಜೋಳಿಗೆಯಲ್ಲೂ ಸಾನ್ವಿ ಮಲಗಿರುತ್ತಾಳೆ.

ಆದರೆ ನನ್ನದು ಹರಕೆಯ ಹೆಸರಲ್ಲ. ನನ್ನದು ಅಜ್ಜಿಯ ಹೆಸರು. ನನ್ನ ತಂದೆಯ ತಾಯಿ ಹರಕೆಯಿಂದ ಹುಟ್ಟಿ ಉಳಿದವಳು, ಹಾಗೆ ಉಳಿದದ್ದನ್ನು ಜೀವನಪೂರ್ತಿ ಮರೆಯದವಳು.

ಹಿರಿಯರ ಹೆಸರನ್ನು ಮಗುವಿಗೆ ಇಡುವುದು ನಮ್ಮಲ್ಲಿ ರೂಢಿ. ಆದರೆ ಅವರು ತೀರಿಹೋದ ಮೇಲೆ. ಬದುಕಿರುವ ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಹಾಗಿರುವಾಗ ಅದನ್ನೇ ಮಗುವಿಗಿಟ್ಟರೆ ತಾಯಿ ಮಗುವನ್ನು ಕರೆಯುವುದು ಹೇಗೆ? ಇದು ಗೊತ್ತಿದ್ದೇ ನನ್ನ ಅಜ್ಜಿ ಹಠ ಹಿಡಿದಳು. ನಾವಾಗ ಇದ್ದ ಯಲಬುರ್ಗಾದ ಪಕ್ಕದ ಮನೆಯ ಕಾಕು ಆ ತೊಟ್ಟಿಲ ದಿನದ ಮಾತನ್ನು ನನಗೆ ಎಷ್ಟೋ ಸಲ ನಗುನಗುತ್ತ ಹೇಳಿದ್ದಾಳೆ.

“ನಾ ಸತ್ತ ಮ್ಯಾಲ ಈ ಹಿಟ್ನಾಳದಾಕಿ ನನ್ನ ಹೆಸರ ಮಗಳಿಗೆ ಇಡ್ತಾಳೇನು? ನಾಯಿಗೆ ಇಟ್ಟಾಳು. ಈಗ ಇಡ್ರಿ. ನಾ ಕಣ್ಣಿಲೆ ನೋಡ್ಬೇಕು.”

“ಅಲ್ಲಬೇ, ಸೊಸಿ ಕೂಸಿನ್ನ ಏನಂತ ಕರೀಬೇಕು?” ಎಂದು ಕಾಕು ಕೇಳಿದ್ದಳಂತೆ.

“ಕರೀದಿದ್ರ ಬಿಡ್ಲಿ. ಹಡದಾಳ, ಸಾಕು. ಕರ್ಯಾಕ ನಾವದೀವಿ.”

ಹಿಟ್ನಾಳದಾಕಿ ಎಂದರೆ ನನ್ನ ತಾಯಿ. ತವರೂರಿನ ಹೆಸರಿನಿಂದ ಸೊಸೆಯನ್ನು ಕರೆಯುವುದು ಅಲ್ಲಿಯ ಪದ್ಧತಿ. ಆ ಮನೆಯಲ್ಲಿ ಆಕೆಗೆ ಬೇರೆ ಹೆಸರಿರಲಿಲ್ಲ.

ಹೀಗೆ ನನ್ನನ್ನು ಹೆತ್ತವಳು ನನ್ನನ್ನು ಕರೆಯದೆ ಬೆಳೆಸಿದಳು. “ಏ, ಇವಳ, ಉಣ್ಣಾಕ ಬಾ” ಎನ್ನುವಳು. ಅಜ್ಜಿ ಅಂಗಳದಲ್ಲಿ ತನ್ನ ಮಣೆಯ ಮೇಲೆ ಕೂತು, ದವಡೆಯಲ್ಲಿ ತಂಬಾಕು ಒತ್ತರಿಸಿಕೊಂಡು, ಓಣಿಗೆಲ್ಲ ಕೇಳುವಂತೆ ಕೇಳುವಳು: “ಯಾಕ, ಹಿಟ್ನಾಳದಾಕಿ? ಯಾರ್ನ ಕರ್ಯಾಕತ್ತಿ? ಆಕಳನ್ನೇನು?” ಕಟ್ಟೆಯ ಮೇಲಿನ ಹೆಂಗಸರು ನಗುವರು. “ಹೆಸರ ಹಿಡ್ದು ಕರಿಬೇ. ಹಡದ ಮಗಳ ಹೆಸರ ಗೊತ್ತಿಲ್ಲೇನು ನಿನಗ?” ತಾಯಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಳು. ಹೊಸ್ತಿಲು ದಾಟುತ್ತಿರಲಿಲ್ಲ.

ಒಮ್ಮೆ ನಾನು ಹಾಲು ಚೆಲ್ಲಿದ್ದಕ್ಕೆ ತಾಯಿ ತೊಡೆ ಚಿವುಟಿದಳು. ಸಂಜೆ ಅಜ್ಜಿ ನನ್ನ ತಂದೆಗೆ ಹೇಳಿದ್ದು ಇಷ್ಟೇ: “ನಿನ್ನ ಹೆಂಡ್ತಿ ಇವತ್ತ ಹುಲಿಗೆಮ್ಮಗ ಹೊಡದ್ಲಪ್ಪ. ಈಗ ಸಣ್ಣಾಕಿಗೆ. ನಾಳೆ ದೊಡ್ಡಾಕಿಗೆ.” ತಂದೆ ಎದ್ದುಹೋಗಿ ತಾಯಿಯ ಕೆನ್ನೆಗೆ ಹೊಡೆದು ಬಂದು ಊಟಕ್ಕೆ ಕೂತರು. ನಾನು ಅಜ್ಜಿಯ ತೊಡೆಯ ಮೇಲೆ ಶೇಂಗಾ ಬೆಲ್ಲ ತಿನ್ನುತ್ತಿದ್ದೆ. ಶೇಂಗಾ ಹುರಿದದ್ದು ಹದವಾಗಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಜ್ಜಿ ಸತ್ತಳು. ದಿನಗಳೆಲ್ಲ ಮುಗಿದು, ಬಂದ ನೆಂಟರು ಹೋದ ಮರುದಿನ ನಾನು ಕಾಕುವಿನ ಮನೆಯಲ್ಲಿ ಆಡುತ್ತಿದ್ದೆ. ನಮ್ಮ ಅಂಗಳದಿಂದ ಒಂದು ಕೂಗು ಬಂತು.

“ಹುಲಿಗೀ!”

ಕಟ್ಟೆಯ ಹೆಂಗಸರ ಮಾತು ನಿಂತಿತು. ಯಾರ ದನಿಯೆಂದು ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ಸಲ ಇನ್ನೂ ಎತ್ತರಕ್ಕೆ ಬಂತು, ಮೂರನೆಯ ಸಲ ನಿಧಾನವಾಗಿ. ತಾಯಿ ನನ್ನನ್ನು ಕರೆಯುತ್ತಿರಲಿಲ್ಲ, ಹೆಸರಿನ ರುಚಿ ನೋಡುತ್ತಿದ್ದಳು. ನಾನು ಓಡಿಹೋಗಿ ಮುಂದೆ ನಿಂತಾಗ ಕೆಲಸವೇನೂ ಇರಲಿಲ್ಲ. ಕಸಬರಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ಕಸ ಗುಡಿಸಿದಳು. ತಲೆಯ ಮೇಲೆ ಸೆರಗಿರಲಿಲ್ಲ.

ಮುಂದೆ ತಂದೆಗೆ ಕೊಪ್ಪಳಕ್ಕೆ ವರ್ಗವಾಯಿತು. ಅಜ್ಜಿಯ ಮಣೆಯೂ ನಮ್ಮೊಂದಿಗೆ ಬಂತು, ಹೆಸರೂ ಬಂತು. ಅಜ್ಜಿ ಏನೇನು ಮಾಡಿದ್ದಳೆಂಬುದನ್ನು ನಾನು ಬೈಗುಳದಿಂದಲೇ ತಿಳಿದದ್ದು, ಅದೂ ನಾನೇ ಮಾಡಿದಂತೆ. “ಹುಲಿಗಿ, ನನ್ನ ತವರಿನ ಇಳಕಲ್ಲ ಸೀರಿ ಹರದು ನೆಲಾ ಒರಸೂ ಅರಿಬಿ ಮಾಡಿದ್ಯಲ್ಲ, ನಿನ್ನ ಕೈಗೆ ಹುಳಾ ಬೀಳ್ಲಿ.” “ಹುಲಿಗಿ, ನಮ್ಮಪ್ಪ ಸತ್ತಾಗ ಮಣ್ಣಿಗೆ ಕಳಸ್ಲಿಲ್ಲ ನೀ.” ನಾನು ಭಾಂಡೆ ತಿಕ್ಕುತ್ತ ಕೇಳುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಇದನ್ನು: “ಬಾಣಂತನಕ್ಕ ತವರಿಗೂ ಕಳಸ್ಲಿಲ್ಲ, ಮನ್ಯಾಗೂ ನೋಡ್ಲಿಲ್ಲ. ಹಸಿ ಮೈಯಾಗ ತಂಗಳ ರೊಟ್ಟಿ ಹಾಕಿದಿ ಹುಲಿಗಿ. ನನ್ನ ಮೊಲಿಯಾಗ ಹಾಲ ಬತ್ತಿದ್ದು ನಿನ್ನಿಂದ.” ಆ ಹಾಲು ಸಿಗಬೇಕಾಗಿದ್ದದ್ದು ನನಗೆ. ನಾನು ಹಾಗೆಂದು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಏಟು ಬೀಳುತ್ತಿತ್ತು.

ತಂದೆ ಒಂದೇ ಒಂದು ಸಲ ಬಾಯಿ ಹಾಕಿದರು. “ಸತ್ತಾಕಿನ್ನ ಯಾಕ ಬೈತಿ?”

“ನಾ ನನ್ನ ಮಗಳ್ನ ಬಯ್ಯಾಕತ್ತೀನಿ. ಹೆಸರ ಇಟ್ಟಾಕಿ ನಿಮ್ಮವ್ವ. ಆಕಿನ್ನ ಕೇಳ್ರಿ.”

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಆಮೇಲೆ ಯಾವಾಗಲೂ ಹಾಗೆಯೇ ಹೋದರು.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎರಡು ವರ್ಷ ಆ ಹೆಸರು ಬರಿ ಹೆಸರಾಗಿತ್ತು. ದಕ್ಷಿಣದ ಕಡೆಯಿಂದ ಬಂದ ಕೋಣೆಯ ಗೆಳತಿಯೊಬ್ಬಳು ಅದು ಅಜ್ಜಿಯರ ಹೆಸರು, ನಿನಗೆ ಹೇಗೆ ಬಂತು ಎಂದು ನಕ್ಕಳು. ಅಜ್ಜಿಯದೇ ಎಂದೆ. ಎಷ್ಟು ಚೆಂದದ ಸಂಪ್ರದಾಯ ಎಂದಳು. ನಾನು ಪುಸ್ತಕಕ್ಕೆ ತಿರುಗಿದೆ.

ಓದು ಮುಗಿಸಿ ಬಂದು ಕೊಪ್ಪಳದಲ್ಲೇ ಕೆಲಸಕ್ಕೆ ಸೇರಿದ ಮೇಲೆ ಗಂಗಾವತಿಯಿಂದ ಒಂದು ಸಂಬಂಧ ಬಂತು. ಅಕ್ಕಿಯ ವ್ಯಾಪಾರದ ಮನೆ. ಹುಡುಗನ ಸೋದರಮಾವ ಉಪ್ಪಿಟ್ಟು ತಿನ್ನುತ್ತ ಮಾತು ತೆಗೆದರು.

“ಹುಡುಗಿ ಛಲೋ ಅದಾಳ್ರಿ. ಆದ್ರ ನಮ್ಮ ಅಕ್ಕಾರ ಹೆಸರೂ ಹುಲಿಗೆಮ್ಮನ ನೋಡ್ರಿ. ಹುಡುಗ ಹೆಂಡ್ತಿನ್ನ ಅವ್ವನ ಹೆಸರ್ಲೆ ಕರ್ಯಾಕ ಬರ್ತೈತೇನ್ರಿ? ಮದಿವ್ಯಾಗ ಅಕ್ಕಿಕಾಳ ಬೀಳೂ ದಿನ ಬದಲ ಮಾಡಿದ್ರಾತು. ಸಾನ್ವಿ ಅಂತ ಇಡೂಣು, ಈಗ ಅದ ನಡದೈತಿ.”

ಹುಡುಗನ ಮುಖ ನನಗೀಗ ನೆನಪಿಲ್ಲ. ಆದರೆ ಆ ಕ್ಷಣದಲ್ಲಿ ನಾನು ಒಳಗೇ ಒಪ್ಪಿಬಿಟ್ಟಿದ್ದೆ. ಸಾನ್ವಿಯಾದರೆ ಸಾನ್ವಿ. ಆ ಹೆಸರು ನನ್ನ ಮೈಯಿಂದ ಇಳಿದರೆ ಸಾಕಿತ್ತು, ಇಳಿಸುವವನು ಯಾರಾದರೇನು.

ಚಹಾದ ತಟ್ಟೆ ಹಿಡಿದು ಬಂದ ತಾಯಿ ನಿಂತಲ್ಲೇ ಹೇಳಿದಳು: “ಹೆಸರ ಬದಲ ಮಾಡಂಗಿದ್ರ ಹುಡುಗಿ ಕೊಡಂಗಿಲ್ರಿ.”

“ಅಲ್ರೀ ಯಕ್ಕಾ, ಹೆಸರಿಗೇನ ಬಂಗಾರ ಹಚ್ಚೈತೇನ್ರಿ?”

“ಹಚ್ಚೈತ್ರಿ.”

ಅವರು ಚಹಾ ಕುಡಿಯದೆ ಎದ್ದರು. ನಾನು ಅಡುಗೆಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಆ ಹೆಸರು ಎಲ್ಲೋ ಒಂದು ಕಡೆ ನನ್ನದೂ ಆಗಿದೆ, ತಾಯಿಗೂ ಹಾಗನ್ನಿಸಿದೆ ಎಂದು ನಾನು ತಿಳಿದಿದ್ದೆ. ಅಷ್ಟು ಓದಿದವಳು ಅಷ್ಟು ದಡ್ಡಿಯಾಗಿದ್ದೆ. ಯಾಕೆ ಬೇಡವೆಂದೆ ಎಂದು ಕೇಳಿದೆ.

ಆಕೆ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಸಿಟ್ಟಿರಲಿಲ್ಲ.

“ಸಾನ್ವಿ ಯಾರದರ ಮನಿ ಮುಸುರಿ ತಿಕ್ಕಿದ್ರ ನನಗೇನಬೇ? ಹುಲಿಗೆಮ್ಮ ತಿಕ್ಕಬೇಕು. ಹುಲಿಗೆಮ್ಮ ಸೊಸಿ ಆಗಿ ಹೋಗಿ, ಅತ್ತಿ ಮುಂದ ಸೆರಗ ಹೊತ್ಕೊಂಡ ನಿಂದರಬೇಕು. ತಂಗಳ ಉಣ್ಣಬೇಕು. ಅದನ್ನ ನೋಡಾಕ ಕುಂತೀನಿ ನಾ.”

ಜರಡಿಯಲ್ಲಿ ಉಳಿದ ತೌಡನ್ನು ಒಂದು ಕಡೆ ಸುರಿದು ಮತ್ತೆ ಹಿಟ್ಟು ಹಾಕಿಕೊಂಡಳು.

ಮುಂದಿನ ಸಂಬಂಧ ಕುಷ್ಟಗಿಯದು. ತಂದವರು ದೂರದ ಮಾವ. “ಮನಿ ಛಲೋ ಐತಿ. ಅತ್ತಿ ಒಂದೀಟ ಖಡಕ್ ಅದಾಳ. ಹಿರೇ ಸೊಸಿ ಎರಡ ಸಲ ತವರಿಗೆ ಓಡಿಹೋಗಿ ಬಂದಾಳ, ಸುಳ್ಳ ಯಾಕ ಹೇಳ್ಲಿ.”

“ಖಡಕ್ ಇರ್ಲಿ ಬಿಡ್ರಿ,” ಎಂದಳು ತಾಯಿ. “ಹೆಸರ ಬದಲ ಮಾಡಂಗಿಲ್ಲ, ಹೇಳಿ ಬಂದೀರಲ್ಲ?”

“ಹೂಂನವಾ. ಅವ್ರಿಗೆ ಯಾವ ಹೆಸರಾದ್ರೂ ಅಷ್ಟ. ದುಡದ್ರ ಸಾಕು.”

ಆಕೆಯ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಾವನಿಗೆ ಎರಡನೆಯ ಸಲ ತುಪ್ಪ ಬಡಿಸಿದಳು. ನಾನು ಬೇಡವೆಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ತಂದೆ ಚಪ್ಪಲಿ ಮೆಟ್ಟಿಕೊಂಡರು.

ಕುಷ್ಟಗಿಯವರು ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಅಜ್ಜಿಯ ಮಣೆಯ ಮೇಲೆ ಕೂತಿದ್ದೆ. ಅಡುಗೆಮನೆಯಿಂದ ಕೂಗು ಬಂತು. “ಹುಲಿಗೀ! ಎಲ್ಲಿ ಸತ್ತಿ?” ಉಲ್ಲಾಸದ ದನಿ.

ನಾನು ಏಳಲಿಲ್ಲ. ಅಜ್ಜಿಯ ದನಿ ನನಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷ ಅವಳ ತೊಡೆಯ ಮೇಲೆ ಕೂತು ಕೇಳಿದ್ದೆ. ಅದು ಏರುವುದಿಲ್ಲ, ಕೊನೆಯಲ್ಲಿ ಸ್ವಲ್ಪ ಮೂಗಿಗೆ ಹೋಗುತ್ತದೆ.

“ಯಾಕ, ಹಿಟ್ನಾಳದಾಕಿ? ಯಾರ್ನ ಕರ್ಯಾಕತ್ತಿ?” ಎಂದೆ.

ಒಳಗೆ ಒಂದು ತಾಟು ಬಿದ್ದು ಗಿರಗಿರ ತಿರುಗಿ ಸುಮ್ಮನಾಯಿತು. ತಾಯಿ ಬಾಗಿಲಿಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಅದೇ ಕೈ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಅದು ಆಕೆಗೆ ಗೊತ್ತಾಗಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಹೊಸ್ತಿಲು ದಾಟದೆ ನಿಂತಳು.

ಅಲ್ಲಿಗೆ ನಿಲ್ಲಿಸಿ ನಕ್ಕುಬಿಡಬಹುದಿತ್ತು.

“ಕುಷ್ಟಗಿ ಮಂದಿ ಬರೂದು ಬ್ಯಾಡ,” ಎಂದೆ, ಅದೇ ದನಿಯಲ್ಲಿ.

“ಹೂಂ.”

“ಹೂಂ ಅಂದ್ರ?”

“ಬ್ಯಾಡ್ರಿ,” ಎಂದಳು ನನ್ನ ತಾಯಿ.

ಮಧ್ಯಾಹ್ನ ಊಟಕ್ಕೆ ಬಂದ ತಂದೆಗೆ ಆಕೆಯೇ ಹೇಳಿದಳು. “ಅವ್ರಿಗೆ ಫೋನ್ ಮಾಡ್ರಿ. ಬರಬ್ಯಾಡ ಅನ್ರಿ.”

“ಯಾಕ? ಯಾರ ಬ್ಯಾಡಂದ್ರು?”

“ಅತ್ತಿ ಬ್ಯಾಡಂದ್ರು.”

ರೊಟ್ಟಿ ಮುರಿಯುತ್ತಿದ್ದ ತಂದೆಯ ಕೈ ನಿಂತಿತು. ಹೆಂಡತಿಯ ತಲೆಯ ಮೇಲಿನ ಸೆರಗನ್ನು ನೋಡಿದರು, ಮಣೆಯ ಮೇಲೆ ಕೂತಿದ್ದ ನನ್ನನ್ನು ನೋಡಿದರು. ಊಟ ಮುಗಿಸಿ, ಕೈ ತೊಳೆದು, ಫೋನ್ ಮಾಡಿದರು.

ಆಮೇಲೆ ತಾಯಿ ನನ್ನ ಹೆಸರು ಹೇಳಿಲ್ಲ. ಬೇಕಾದಾಗ “ಏ, ಇವಳ” ಎನ್ನುತ್ತಾಳೆ, ಅದೂ ಮೆಲ್ಲಗೆ. ಬೈಗುಳ ನಿಂತಿದೆ. ಸಂಬಂಧ ತರುವವರೂ ನಿಂತಿದ್ದಾರೆ. ಬೆಳಿಗ್ಗೆ ಬಾಗಿಲಿಗೆ ಬಂದು ನಿಂತು ಇವತ್ತು ಏನು ಮಾಡಲಿ ಎಂದು ಕೇಳುತ್ತಾಳೆ, ನಾನು ಹೇಳುತ್ತೇನೆ. ನಿನ್ನೆ ರೊಟ್ಟಿ ದಪ್ಪವಾಗಿದೆ ಎಂದೆ. ತಟ್ಟೆಯಿಂದ ಎತ್ತಿಕೊಂಡು ಹೋಗಿ ಬೇರೆ ಬಡಿದು ತಂದಳು. ದಪ್ಪ ರೊಟ್ಟಿಯನ್ನು ಆಮೇಲೆ ಒಲೆಯ ಮುಂದೆ ಕೂತು ತಾನೇ ತಿಂದಳು.