ಚಂದ್ರಿ ಹಾಲು ಬಿಟ್ಟ ಬೆಳಗು

ಆಗೆಲ್ಲ ಪ್ರವಾಸ ಎಂದರೆ ಮೊಬೈಲಿನ ಮೇಲೆ ಬೆರಳಾಡಿಸಿ ಮುಗಿಸುವ ಕೆಲಸವಾಗಿರಲಿಲ್ಲ. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂಡಿ, ಜಗಳಾಡಿ, ಮುನಿಸಿಕೊಂಡು ಎದ್ದುಹೋಗಿ, ಚಹಾ ಕುಡಿಯಲು ಮತ್ತೆ ಬಂದು ಕೂತು ಮಾಡುವ ಕೆಲಸವಾಗಿತ್ತು. ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ದೊಡವಾಡದ ನಮ್ಮ ಮನೆಯಲ್ಲಿ ಅಂಥದೊಂದು ಪ್ರವಾಸ ತಯಾರಾಯಿತು.

ಅದನ್ನು ಹುಟ್ಟುಹಾಕಿದವನು ಕಾಕಾ, ಅಪ್ಪನ ತಮ್ಮ. ರಾಮದುರ್ಗದಲ್ಲಿ ಮಾಸ್ತರ ಆಗಿದ್ದ. ಡಿಸೆಂಬರಿನ ಒಂದು ರವಿವಾರ ಬಂದವನೇ ಸಾಲೆಯ ವಹಿಯೊಂದನ್ನು ತೆರೆದು ಪಾಠ ಓದಿದಂತೆ ಓದಿದ. ಮೊದಲು ಗೋಕರ್ಣ, ಅಲ್ಲಿಂದ ದಂಡೆಗುಂಟ ಮುರ್ಡೇಶ್ವರ, ಆಮೇಲೆ ಕೊಲ್ಲೂರು, ಕೊಡಚಾದ್ರಿ ಗುಡ್ಡ, ಬರುವಾಗ ಜೋಗ, ಶಿರಸಿ.

“ಎರಡ ದಿನ ಸಮುದ್ರ, ಎರಡ ದಿನ ಗುಡ್ಡ. ಗಾಡಿನೂ ಗೊತ್ತ ಮಾಡಿ ಬಂದೇನಿ. ಇನ್ನ ಹನ್ನೆರಡ ದಿನಕ್ಕ ಹೊರಡೂದು” ಎಂದ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಸಂಜೆ ಕಾಕಾ ಊರೊಳಗೆ ಹೋದಾಗ ಆ ವಹಿಯನ್ನು ನನ್ನ ಕೈಗೆ ಕೊಟ್ಟು, “ಓದವಾ ಶೈಲಾ, ಮತ್ತೊಮ್ಮೆ ಓದು” ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಸವದತ್ತಿ ಕಡೆಯ ತವರು, ಈ ದೊಡವಾಡ, ಯಾವಾಗಾದರೊಮ್ಮೆ ಬೈಲಹೊಂಗಲ. ಇಷ್ಟರಲ್ಲೇ ಅವಳ ತಿರುಗಾಟ ಮುಗಿಯುತ್ತಿತ್ತು. ನಾನು ಮೂರು ಸಲ ಓದಿದೆ. ಮರುದಿನವೇ ಟ್ರಂಕಿನಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದು ಚೀಲದ ತಳದಲ್ಲಿ ಇಟ್ಟುಬಿಟ್ಟಳು. ಹೊರಡಲು ಇನ್ನೂ ಹನ್ನೊಂದು ದಿನವಿತ್ತು.

ತಕರಾರು ತೆಗೆದವಳು ಆಯಿ, ಅಪ್ಪನ ತಾಯಿ. “ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಚಂದ್ರಿನ್ನ ಹಿಂಡಾವರ ಯಾರು?”

ಚಂದ್ರಿ ನಮ್ಮ ಎಮ್ಮೆ, ಹಣೆಯ ಮೇಲೆ ಬಿಳಿ ಬೊಟ್ಟಿನದು. ದೀಪಾವಳಿಯ ಹೊತ್ತಿಗೆ ಈದಿತ್ತು. ಕರು ನಾಲ್ಕೇ ದಿನಕ್ಕೆ ಸತ್ತಿತ್ತು. ಅಂದಿನಿಂದ ಅದು ಅವ್ವನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ನಾಲ್ಕು ದಿನ ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಎಮ್ಮೆಯೇ ಕೆಡುತ್ತದೆ. ಆಯಿಯ ಕೈಗಳು ಆಗಲೇ ನಡುಗುತ್ತಿದ್ದವು, ಅವಳಿಂದ ಆಗದ ಕೆಲಸ.

“ಆಕಿ ಯಾರ ಕೈಗೆ ಹಾಲ ಬಿಡ್ತಾಳೋ ಅವರು ನನ್ನ ಕೂಡ ಮನ್ಯಾಗ ಉಳೀಲಿ. ಯಾರಿಗೂ ಬಿಡಲಿಲ್ಲಂದ್ರ ಸೊಸಿ ಉಳೀತಾಳ” ಎಂದು ಆಯಿ ಫೈಸಲಾ ಮಾಡಿದಳು.

ಅಲ್ಲಿಂದ ಶುರುವಾಯಿತು ಚಂದ್ರಿಯ ಪರೀಕ್ಷೆ. ಅಸಲಿಗೆ ಪರೀಕ್ಷೆ ನಮ್ಮದು. ಮೊದಲು ಬಾಜೂಮನೆಯ ಗೌರವ್ವ ಬಂದಳು, ಊರಿಗೆಲ್ಲ ಹಿಂಡಿಕೊಡುವ ಗಟ್ಟಿ ಹೆಣ್ಣುಮಗಳು. ಎರಡು ದಿನ ಕೂತಳು, ಒಂದು ಹನಿ ಬೀಳಲಿಲ್ಲ. ಆಮೇಲೆ ಅಪ್ಪ. ಹಳ್ಳಿಯಲ್ಲಿ ಇಂಥ ಎಮ್ಮೆಗೆ ಮಾಡುವ ಉಪಾಯ ಒಂದೇ: ಹಿಂಡುವವಳ ಸೀರೆ ಉಟ್ಟು ಕೂರುವುದು. ಅಪ್ಪ ಮೀಸೆ ಹೊತ್ತುಕೊಂಡೇ ಅವ್ವನ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೊಟ್ಟಿಗೆಗೆ ನಡೆದ. ನಾನೂ ತಮ್ಮ ಮಲ್ಲೂನೂ ಬಾಯಿಗೆ ಅರಿವೆ ಒತ್ತಿಕೊಂಡು ನಕ್ಕೆವು. ಚಂದ್ರಿ ಒಮ್ಮೆ ಹೊರಳಿ ಮೂಸಿತು, ಒಂದೇ ಒದೆ. ಅಪ್ಪ ಸೆರಗಿನ ಸಮೇತ ಸೆಗಣಿಯಲ್ಲಿ. ಅವ್ವ ಕೂಡ ನಕ್ಕಳು. ಆದರೆ ನಗು ಮುಗಿದ ಮೇಲೆ ಅವಳು ಚೀಲದ ಕಡೆ ನೋಡಿದ್ದನ್ನು ನಾನು ಕಂಡೆ.

ಎಲ್ಲರೂ ಸೋತ ಮೇಲೆ ಆಯಿಯ ಕಣ್ಣು ನನ್ನ ಮೇಲೆ ಬಿತ್ತು. “ಶೈಲಾನ ಕೈ ಅವರವ್ವನಂಗ ಐತಿ ನೋಡು.”

ಹಿಂಡುವುದು ನನಗೆ ಬರುತ್ತಿತ್ತು, ಮನೆಯ ಆಡನ್ನು ನಾನೇ ಹಿಂಡುತ್ತಿದ್ದೆ. ಆದರೆ ಅಷ್ಟೊತ್ತಿಗೆ ಸಾಲೆಯಲ್ಲಿ ನನ್ನ ಸಮುದ್ರ ಊರ ಸುದ್ದಿಯಾಗಿತ್ತು. ಗೆಳತಿಯರು ಚಿಪ್ಪು ತರಲು ಹೇಳಿ ಬೋರೆಹಣ್ಣು, ಹಸಿ ಕಡಲೆ ಕೊಟ್ಟಿದ್ದರು; ನಾನು ತಿಂದೂ ಬಿಟ್ಟಿದ್ದೆ. ಮನೆಯ ಮೂಲೆಯಲ್ಲಿ ಒಟ್ಟಿದ್ದ ಹತ್ತಿಯ ರಾಶಿಯೇ ನನಗೂ ಮಲ್ಲೂಗೂ ದಿನಾ ಸಂಜೆ ಕೊಡಚಾದ್ರಿ. ತುದಿಗೆ ಹತ್ತಿ, ಕೆಳಗಿನ ಸಮುದ್ರಕ್ಕೆ ಜಿಗಿದು, ಮೂಗಿಗೆಲ್ಲ ಹತ್ತಿ ಮೆತ್ತಿಕೊಂಡು ಬೈಸಿಕೊಳ್ಳುತ್ತಿದ್ದೆವು. ಅದನ್ನೆಲ್ಲ ಬಿಟ್ಟು ಮನೆಯಲ್ಲಿ ಉಳಿಯಬೇಕೆ?

ಎರಡು ದಿನ ಹೊಟ್ಟೆನೋವು ಎಂದು ತಪ್ಪಿಸಿಕೊಂಡೆ. ಮೂರನೆಯ ದಿನ ನಡೆಯಲಿಲ್ಲ. ಹೊರಡಲು ಎರಡೇ ದಿನ ಉಳಿದಿತ್ತು.

ಬೆಳಗಿನ ಥಂಡಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಅವ್ವ ತನ್ನ ದಿನನಿತ್ಯದ ಸೀರೆಯನ್ನು ಮಡಚಿ ಮಡಚಿ ನನಗೆ ಸುತ್ತಿದಳು. ಅದರಲ್ಲಿ ಒಲೆಯ ಹೊಗೆಯ, ಎಮ್ಮೆಗೆ ನೆನೆಸಿದ ಹಿಂಡಿಯ ವಾಸನೆ ಇತ್ತು. “ಅಂಜಬ್ಯಾಡ. ಮೈ ಸವರು, ಮಾತಾಡಸು. ಬಿಡಲಿಲ್ಲಂದ್ರ ಎದ್ದ ಬಾ” ಎಂದಳು. ತನ್ನ ಸುಳಿವು ಚಂದ್ರಿಗೆ ಹತ್ತಬಾರದೆಂದು ಗೋಡೆಯ ಆಚೆ ಹೋಗಿ ನಿಂತಳು.

ನಾನು ಬಿಸಿನೀರಿನಿಂದ ಕೆಚ್ಚಲು ತೊಳೆದೆ. ಅವ್ವ ಅನ್ನುವಂತೆಯೇ “ಬಿಡು ನಮ್ಮವ್ವಾ, ಬಿಡು ನನ ತಾಯಿ” ಅಂದೆ. ಬಿಡಬಾರದು ಎಂದು ಮನಸ್ಸಿನಲ್ಲಿ ಎಲ್ಲ ದೇವರಿಗೂ ಬೇಡಿಕೊಂಡೆ. ಚಂದ್ರಿ ಹೊರಳಿ ನನ್ನ ಸೆರಗು ಮೂಸಿತು, ಉಸಿರು ಬಿಟ್ಟಿತು, ಮತ್ತೆ ಗೋದಲಿಯಲ್ಲಿ ಮುಖವಿಟ್ಟು ಮೇಯತೊಡಗಿತು. ನನ್ನ ಬೆರಳ ಕೆಳಗೆ ಮೊಲೆ ತುಂಬಿಕೊಂಡವು. ಮೊದಲ ಧಾರೆ ಚರಗಿಯ ತಳಕ್ಕೆ ಬಿದ್ದು ಸದ್ದಾಯಿತು.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಖುಷಿಯೇ ಆಯಿತು. ಇಡೀ ಊರಿಗೆ ಮಣಿಯದ ಎಮ್ಮೆ ನನ್ನ ಕೈಗೆ ಮಣಿದಿತ್ತು. ಧಾರೆಯ ಮೇಲೆ ಧಾರೆ, ನೊರೆ ಏರುತ್ತ ಅರ್ಧ ಚರಗಿಗೆ ಬಂತು. ಆಗ ತಿಳಿಯಿತು: ಈ ಚರಗಿ ತುಂಬಿದರೆ ಅವ್ವ ಹೋಗುತ್ತಾಳೆ, ನಾನು ಉಳಿಯುತ್ತೇನೆ. ಗೋಡೆಯಾಚೆ ಅವ್ವ ನಿಂತಿದ್ದಾಳೆ, ಈ ಸದ್ದು ಅವಳಿಗೆ ಕೇಳುತ್ತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಮೊಲೆಗೆ ಒತ್ತಿದೆ, ಜೋರಾಗಿ.

ಚಂದ್ರಿ ಚಂಗನೆ ನೆಗೆದು ಒದೆಯಿತು. ಚರಗಿ ಉರುಳಿತು.

ಅವ್ವ ಓಡಿ ಬಂದಳು. ಗೋದಲಿಯವರೆಗೂ ಹಾಲು ಹರಡಿತ್ತು, ನೊರೆ ಇನ್ನೂ ಒಡೆಯುತ್ತಿತ್ತು. ಅವ್ವ ಹಾಲನ್ನು ನೋಡಿದಳು. ಚಂದ್ರಿಯ ಮೊಲೆಯ ಮೇಲಿನ ಉಗುರಿನ ಗುರುತು ನೋಡಿದಳು. ಆಮೇಲೆ ನನ್ನನ್ನು. ಒಳಗಿನಿಂದ ಅಪ್ಪ ಕೂಗಿದ, “ಏನಾತ? ಬಿಟ್ಳೇನ?”

ಅವ್ವ ಬಕೆಟ್ಟಿನ ನೀರನ್ನು ಹಾಲಿನ ಮೇಲೆ ಸುರುವಿದಳು. ಕಸಬರಿಗೆ ತಗೊಂಡು ಸರಸರನೆ ಗಟಾರಕ್ಕೆ ತಳ್ಳಿದಳು. ನೆಲ ತೊಳೆದಾದ ಮೇಲೆಯೇ ಉತ್ತರ ಕೊಟ್ಟಳು.

“ಒದ್ಲರೀ. ಹನೀನೂ ಬಿಡಲಿಲ್ಲ.”

ನಂತರ ನನ್ನ ಮೈಮೇಲಿನ ಸೀರೆ ಬಿಚ್ಚುತ್ತ, “ಪೆಟ್ಟ ಬಿತ್ತೇನವಾ?” ಎಂದು ಕೇಳಿದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಬೈದಿದ್ದರೆ, ಎರಡು ಏಟು ಹಾಕಿದ್ದರೆ ಆವತ್ತೇ ಎಲ್ಲ ಒಪ್ಪಿಕೊಂಡು ಹಗುರಾಗುತ್ತಿದ್ದೆನೇನೋ. ಅವಳು ಚೀಲದ ತಳದಿಂದ ಹಸಿರು ಸೀರೆ ತೆಗೆದು, ಆ ಜಾಗದಲ್ಲಿ ನನ್ನ ಸ್ವೆಟರು ಇಟ್ಟಳು. ದಾರಿಗೆಂದು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಹೊರಡುವ ದಿನ ಕಾಕಾ ಪೇಚಾಡಿಕೊಂಡಾಗ, “ನನಗ ಗಾಡಿ ಹತ್ತಿದ್ರ ವಾಂತಿ ಬರತೈತಿ, ಹೋಗಿ ಬರ್ರಿ” ಎಂದು ನಕ್ಕಳು.

ಸಮುದ್ರ ನಾನು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದಿತ್ತು. ಚಿಕ್ಕದಿದ್ದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಕೊಡಚಾದ್ರಿಯ ತುದಿಯಲ್ಲಿ ಮೋಡ ನಮ್ಮ ಕಾಲ ಕೆಳಗೆ ಹಾದುಹೋಗುವಾಗ ಮಲ್ಲು ಕುಣಿದ. ನಾನು ಕುಣಿಯಲಿಲ್ಲ.

ಐದನೆಯ ದಿನ ಸಂಜೆ ಮನೆ ಮುಟ್ಟಿದೆವು. ಅಪ್ಪ, ಕಾಕಾ ಗಾಡಿಯಿಂದ ಸಾಮಾನು ಇಳಿಸುತ್ತಿದ್ದರು. ಅವ್ವ ನನ್ನನ್ನೊಬ್ಬಳನ್ನೇ ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟು, ತಾನೂ ಎದುರಿಗೆ ಕೂತಳು. ಅವಳ ಕಣ್ಣು ಹೊಳೆಯುತ್ತಿದ್ದವು.

“ಈಗ ಹೇಳವಾ. ಸಮುದ್ರ ಹೆಂಗಿತ್ತ? ಎಲ್ಲಾ ಹೇಳು.”

ನಾಲ್ಕು ದಿನ ಅವಳು ಕಾದಿದ್ದು ಇದಕ್ಕೇ ಎಂದು ನನಗೆ ತಿಳಿಯಲಿಲ್ಲ. ಅವಳು ಕಳೆದುಕೊಂಡದ್ದನ್ನು ಸಣ್ಣದು ಮಾಡಿಬಿಟ್ಟರೆ ನನ್ನ ತಪ್ಪೂ ಸಣ್ಣದಾಗುತ್ತದೆ ಎಂದುಕೊಂಡೆ.

“ಏನಿಲ್ಲಬೇ. ಬರೇ ನೀರು. ನೀ ಬರಲಿಲ್ಲ ಛಲೋ ಆತು.”

ಅವ್ವ “ಹೌದೇನು” ಎಂದು ಎದ್ದು, ಚರಗಿ ತಗೊಂಡು ಕೊಟ್ಟಿಗೆಗೆ ಹೋದಳು. ಆಮೇಲೆ ಮಲ್ಲು ಊರಿಗೆಲ್ಲ ಕೇಳುವಂತೆ ಸಮುದ್ರದ ಕತೆ ಹೇಳಿದ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು, ಒಮ್ಮೆಯೂ ಏನನ್ನೂ ಕೇಳಲಿಲ್ಲ.

ಈಗ ನಾನಿರುವುದು ಧಾರವಾಡದಲ್ಲಿ. ಹಾಲು ಪಾಕೀಟಿನಲ್ಲಿ ಬರುತ್ತದೆ. ಈ ಸಲದ ಚಳಿಗಾಲದ ರಜೆಗೆ ನನ್ನ ಮಕ್ಕಳು ಊಟ ಮುಗಿಯುವುದರೊಳಗೆ ಸಮುದ್ರ, ಗುಡ್ಡ ಎರಡನ್ನೂ ಬುಕ್ ಮಾಡಿ ಕೈ ತೊಳೆದರು. ಯಾರೂ ಮನೆಯಲ್ಲಿ ಉಳಿಯಬೇಕಿಲ್ಲ. ನಾವು ತಿರುಗಿ ಬರುವ ಮೊದಲೇ ಫೋಟೋಗಳು ಎಲ್ಲರ ಮನೆಗೆ ಮುಟ್ಟಿರುತ್ತವೆ. ಬಂದ ಮೇಲೆ ಯಾರೂ ಏನೂ ಕೇಳುವುದಿಲ್ಲ. ದಂಡೆಯ ಮೇಲೆ ನಿಂತಾಗ ಮಾತ್ರ ನನಗೆ ಮಾತು ಉಕ್ಕಿ ಬರುತ್ತದೆ. ನೀರು ದಡಕ್ಕೆ ಬರುವ ಮೊದಲು ಹೇಗೆ ಹಸಿರಾಗುತ್ತದೆ, ಕಾಲ ಕೆಳಗಿನ ಉಸುಕು ಹೇಗೆ ಜಾರುತ್ತದೆ, ಎಲ್ಲವನ್ನೂ ಗಂಟೆಗಟ್ಟಲೆ ಹೇಳಬಲ್ಲೆ. ಎದುರಿಗೆ ಕೂತು ಕೇಳುತ್ತಿದ್ದವಳು ಅವ್ವ ಒಬ್ಬಳೇ. ಅವಳು ಹೋಗಿ ಆರು ವರ್ಷವಾಯಿತು.