ಎರಡನೆಯ ಬಾಟ್ಲಿ

ಎಪ್ಪತ್ತರ ದಶಕದ ನಡುವಿನ ಮಾತು. ಡಾಕ್ಟರಾಗಿ ನಾನು ಸರಕಾರಿ ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಇಂಡಿ ತಾಲೂಕಿನ ಒಂದು ಹಳ್ಳಿಯ ದವಾಖಾನೆ. ಎರಡು ಕೋಣೆ, ನಾಲ್ಕು ಮಂಚ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬ ನರ್ಸ್‌ಬಾಯಿ. ಅವರಿಗಿಂತ ನಾನು ಹೆಚ್ಚು ತಿಳಿದವನೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಒಂದು ಮುಂಜಾನೆ ಝಳಕಿ ಕಡೆಯಿಂದ ಚಕ್ಕಡಿಯಲ್ಲಿ ಒಬ್ಬ ಹೆಂಗಸನ್ನು ತಂದರು. ಐವತ್ತರ ಆಸುಪಾಸು. ಗಂಡ ಹೆಂಡತಿ ಚುರಮುರಿ ಭಟ್ಟಿ ಇಟ್ಟುಕೊಂಡವರು. ಹುರಿಯುವ ಕೆಲಸ ಆಕೆಯದು. ಮದುವೆಯಾಗಿ ಬಂದಾಗಿನಿಂದ ಭಟ್ಟಿಗೆ ಉರಿಸುವ ಭತ್ತದ ಹೊಟ್ಟಿನ ಹೊಗೆಯಲ್ಲೇ ಕೂತವಳು. ತುಟಿ ನೀಲಿಗಟ್ಟಿತ್ತು. ಕುತ್ತಿಗೆಯ ನರ ಉಬ್ಬಿದ್ದವು. ಬಾತ ಕಾಲನ್ನು ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಕೈ ತಣ್ಣಗೆ, ಬಿ.ಪಿ. ಬಹಳ ಕೆಳಗೆ.

"ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತೈತಂತಾಳ್ರಿ ಸಾಹೇಬ್ರ. ಒಂದು ಬಾಟ್ಲಿ ಹಚ್ರಿ," ಎಂದ ಗಂಡ. ಕಾಲರಾ ಬಂದಾಗ ಸಲೈನ್ ಬಾಟ್ಲಿಯಿಂದ ಎದ್ದು ಕೂತವರನ್ನು ಆ ಕಡೆಯ ಜನ ಕಣ್ಣಾರೆ ಕಂಡಿದ್ದರು.

ಬಿ.ಪಿ. ಬಿದ್ದರೆ ನೀರು ಕೊಡಬೇಕು. ನನಗೆ ಗೊತ್ತಿದ್ದದ್ದು ಅಷ್ಟೇ.

ನರ್ಸ್‌ಬಾಯಿ ಮೆಲ್ಲಗೆ ಹೇಳಿದರು: "ಸಾಹೇಬ್ರ, ಕಾಲು ಹಿಂಗ ಬಾತಾವು. ಮೈಯಾಗ ಮೊದಲ ನೀರು ಹೆಚ್ಚಾಗೇತಿ. ಮತ್ತ ನೀರ ಹಾಕೂದೇನ್ರಿ?"

"ನಿಮ್ಮ ಕೆಲಸ ನೀವು ನೋಡ್ರಿ," ಎಂದೆ, ಆ ಗಂಡನ ಎದುರಿಗೇ.

ಮೊದಲ ಬಾಟ್ಲಿ ಮುಗಿಯಿತು. ಬಿ.ಪಿ. ಏರುವ ಬದಲು ಇನ್ನಷ್ಟು ಇಳಿಯಿತು. ಆಕೆ ನನ್ನ ಮುಖ ನೋಡಿ, "ಸಾಕ್ರಿ ಯಪ್ಪಾ, ಎದಿ ಬಿಗ್ಯಾಕತ್ತೈತಿ," ಎಂದಳು. ನಾನು ಎರಡನೆಯದನ್ನು ಹಚ್ಚಿಸಿದೆ. ನರ್ಸ್‌ಬಾಯಿ ಬಾಟ್ಲಿ ಬದಲಿಸಿದರು. ಅದು ಅರ್ಧವಾಗುವಷ್ಟರಲ್ಲಿ, ಮಂಚದ ಸರಳು ಹಿಡಿದು ಕೂತಿದ್ದ ಹಾಗೇ, ಆಕೆ ಹೋದಳು.

ಗಂಡ ನನ್ನ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಕೈಲಾದದ್ದೆಲ್ಲಾ ಮಾಡಿದ್ರಿ. ಆಕಿ ನಸೀಬದಾಗ ಇರಲಿಲ್ಲ," ಎಂದು ಅತ್ತ. ನಾನೂ ಅದನ್ನೇ ನಂಬಿದೆ. ನಂಬುವುದು ಸುಲಭವಿತ್ತು.

ಎರಡು ವರ್ಷದ ಮೇಲೆ ಹೆಚ್ಚಿನ ಓದಿಗೆಂದು ಹುಬ್ಬಳ್ಳಿಗೆ ಹೋದೆ. ಒಂದು ದಿನ ಪ್ರೊಫೆಸರರು ಅಂಥದೇ ಸ್ಥಿತಿಯಲ್ಲಿದ್ದ ಒಬ್ಬ ರೋಗಿಯ ಮುಂದೆ ನಿಂತು ಕೇಳಿದರು: "ಶ್ವಾಸಕೋಶ ಕೆಟ್ಟು ಬಲಗಡೆ ಹೃದಯ ಹಿಗ್ಗೇತಿ. ಆದರ ಬಿ.ಪಿ. ಯಾಕ ಬಿದ್ದೈತಿ?" ಅವರೇ ಹೇಳಿದರು: "ಹೃದಯದ ಎರಡೂ ಕೋಣಿ ಒಂದ ಚೀಲದಾಗ ಅದಾವು, ನಡುವ ಒಂದ ಗ್ವಾಡಿ. ಬಲಗಡೀದು ಉಬ್ಬಿದ್ರ ಆ ಗ್ವಾಡಿ ಎಡಕ್ಕ ಸರೀತದ. ಎಡಗಡೀ ಕೋಣಿಗಿ ತುಂಬಿಕೊಳ್ಳಾಕ ಜಾಗಾನ ಇರೂದಿಲ್ಲ. ತುಂಬದಿದ್ರ ಮೈಗೆ ಏನು ಕಳಸ್ತದ? ಇಂಥವರಿಗಿ ನೀವು ಸಲೈನ್ ಹಾಕಿದ್ರ ಬಲಗಡೀದು ಇನ್ನೂ ಉಬ್ಬತದ, ಎಡಗಡೀದು ಇನ್ನೂ ಬರಿದಾಗತದ."

ನನ್ನ ಸುತ್ತ ಎಲ್ಲರೂ ಬರೆದುಕೊಳ್ಳುತ್ತಿದ್ದರು. ನನ್ನ ಕೈ ಏಳಲಿಲ್ಲ. ನೀರು ಹಾಕದಿದ್ದರೆ ಆಕೆ ಬದುಕುತ್ತಿದ್ದಳೆಂದು ಹೇಳಲಾರೆ. ಆ ಶ್ವಾಸಕೋಶ ಎಂದೋ ಸುಟ್ಟುಹೋಗಿತ್ತು. ಆದರೆ ಅವತ್ತೇ, ಆ ಮಧ್ಯಾಹ್ನವೇ ಸಾಯುತ್ತಿರಲಿಲ್ಲ. ಬೇಡವೆಂದು ಆಕೆಯೇ ಬಾಯಿ ಬಿಟ್ಟು ಹೇಳಿದ್ದಳು.

ರಜೆಯಲ್ಲಿ ಊರಿಗೆ ಬಂದಾಗ ಮುದ್ದೇಬಿಹಾಳಕ್ಕೆ ಹೋದೆ. ನರ್ಸ್‌ಬಾಯಿಗೆ ಅಲ್ಲಿಗೆ ವರ್ಗವಾಗಿತ್ತು. ಮನೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಎಲ್ಲ ಹೇಳಿದೆ: ಚೀಲ, ಗೋಡೆ, ಬರಿದಾದ ಎಡಗಡೆ. ಕೊನೆಗೆ, "ನಿಮ್ಮ ಮಾತು ಖರೇ ಇತ್ರಿ," ಎಂದೆ.

"ಇಷ್ಟೆಲ್ಲಾ ನನಗ ಗೊತ್ತಿರಲಿಲ್ಲ ಬಿಡ್ರಿ," ಎಂದರು. "ಬಾತ ಮೈಗಿ ನೀರ ಬ್ಯಾಡ ಅನ್ನೂದಷ್ಟ ಗೊತ್ತಿತ್ತು. ಆಕಿ ಗಂಡಗ ಹೇಳೀರೇನು?"

"ಇಲ್ಲ."

"ಹೇಳ್ತೀರೇನು?"

ನಾನು ಕಪ್ಪಿನ ಚಹಾ ಬಸಿಗೆ ಸುರಿದು ಕುಡಿದು ಎದ್ದೆ. ಅವರು ಬಾಗಿಲವರೆಗೂ ಬಂದು, "ಬಸ್ಸಿಗಿ ಹೊತ್ತಾತು, ಹೋಗ್ರಿ," ಎಂದರಷ್ಟೇ. ಆ ಗಂಡನಿದ್ದ ಝಳಕಿಯ ದಾರಿಯಲ್ಲಿ ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಒಮ್ಮೆಯೂ ಇಳಿಯಲಿಲ್ಲ.